ಕುಂತಿಯೂ ಮರಿಯಮ್ಮನೂ

ಕ್ರಿಸ್ಮಸ್ ಹತ್ತಿರವಾಗಿತ್ತು. ಊರವರೆಲ್ಲ ಬಾಯಮ್ಮ ಎನ್ನುವ ಆ ಹೆಂಗಸು ಚಾವಡಿಯಲ್ಲಿ ಬಾಲಯೇಸುವಿನ ಗೋದಲಿ ಕಟ್ಟುತ್ತಿದ್ದಾಗ ಹುಡುಗಿ ಬಂದು ನಿಂತಳು. ಅವಳ ಹಿಂದೆ ಬಾಯಮ್ಮನ ಮಗ ತಲೆ ತಗ್ಗಿಸಿಕೊಂಡಿದ್ದ.

"ನನಗೆ ಮೂರು ತಿಂಗಳು, ಬಾಯಮ್ಮಾ. ಮಗು ನಿಮ್ಮ ಮಗನದ್ದು."

"ಮದುವೆಗೆ ಮೊದಲೇ? ನಾಚಿಕೆ ಇಲ್ವಾ ನಿಂಗೆ?"

"ನೀವು ಕೈಮುಗಿಯುವ ಮರಿಯಮ್ಮನಿಗೂ ಮದುವೆಗೆ ಮೊದಲೇ ಅಲ್ವಾ? ನನ್ನಜ್ಜಿ ಹೇಳುವ ಕತೆಯಲ್ಲಿ ಕುಂತಿಗೂ ಹಾಗೇ."

ಬಾಯಮ್ಮನ ಕೈಯ ಹುಲ್ಲು ಕೆಳಗೆ ಬಿತ್ತು. "ಬಾಯಿ ಮುಚ್ಚು! ಅಜ್ಜಿಕತೆ ಕೇಳಿಯೇ ಕೆಟ್ಟವಳು ನೀನು. ದೇವರ ತಾಯಿಯನ್ನು ಆ ಕುಂತಿಯ ಪಕ್ಕ ಕೂರಿಸ್ತೀಯಾ? ಹೆತ್ತ ಮಗುವನ್ನು ಪೆಟ್ಟಿಗೆಯಲ್ಲಿಟ್ಟು ಹೊಳೆಗೆ ಬಿಟ್ಟವಳು ಅವಳು."

"ಬಿಡದೆ ಎಂತ ಮಾಡ್ಬೇಕಿತ್ತು? ಅವಳ ಜೊತೆಗೆ ಯಾರಿದ್ರು?"

"ಅದನ್ನೇ ಹೇಳುವುದು ನಾನು! ಮಗು ಕೊಟ್ಟು ಆಕಾಶ ಹತ್ತಿದ ನಿಮ್ಮ ಸೂರ್ಯ ಆಮೇಲೆ ತಿರುಗಿ ನೋಡಿದ್ನಾ? ಥೂ, ಅವನೂ ಒಬ್ಬ ದೇವರು! ನಮ್ಮ ಜೋಸೆಫರನ್ನು ನೋಡು. ತನ್ನದಲ್ಲದ ಮಗು ಅಂತ ಗೊತ್ತಿದ್ದೂ ಕೈಬಿಡಲಿಲ್ಲ. ನಿಮ್ಮದಕ್ಕೂ ನಮ್ಮದಕ್ಕೂ ಇರುವ ವ್ಯತ್ಯಾಸ ಅದು."

ಹುಡುಗಿ ಹಿಂದಕ್ಕೆ ತಿರುಗಿ, "ಈಗಲಾದ್ರೂ ಮಾತಾಡು ಮಾರಾಯ" ಎಂದಳು.

ಅವನು ತಲೆ ಎತ್ತಲಿಲ್ಲ. "ನನಗೆ ಈ ರಗಳೆಯೇ ಬೇಡಮ್ಮ. ಏನಾದ್ರೂ ಹೇಳಿ ಇವಳನ್ನು ಕಳಿಸಿಬಿಡು. ಬರುವ ವಾರ ನನಗೆ ದುಬೈಗೆ ವಿಮಾನ ಉಂಟು."

ಬಾಯಮ್ಮ ಎದ್ದು ಬಂದು ಬಾಗಿಲನ್ನು ಪೂರ್ತಿ ತೆರೆದರು.

"ಹೊರಗೆ ನಡಿ. ಈ ಮನೆಯ ಮೆಟ್ಟಿಲು ಇನ್ನು ಹತ್ತಬೇಡ" ಎಂದರು, ಮಗನಿಗೆ.