ಆರನೆಯ ಪ್ರತಿ

ಕಬ್ಬಿಣದ ಸಲಾಕೆಯ ಮೊದಲ ಏಟಿಗೆ ಕಂಪ್ಯೂಟರಿನ ಪರದೆ ಒಡೆಯಿತು. ಎರಡನೆಯದು ಗುಂಗುರುಕೂದಲಿನವನ ಕೈಮೇಲೆ ಬಿತ್ತು.

"ಆ ಸಾಲು ಬರೆದೋನು ಯಾರು? ಹೇಳು! ನನ್ನ ತಮ್ಮನ್ನ ಕೊಂದ ಸಾಲು!"

ಮಟಮಟ ಮಧ್ಯಾಹ್ನ. ಐದು ಮೇಜಿನ ಆ ಕಚೇರಿಯ ಮೂವರು ಊಟಕ್ಕೆ ಹೋಗಿದ್ದರು. ಉಳಿದವರು ಇಬ್ಬರು: ಯಂತ್ರಗಳಿಗೆ ಪ್ರೋಗ್ರಾಂ ಬರೆಯುವ ಗುಂಗುರು, ಬರೆದದ್ದನ್ನು ಸಾಲುಸಾಲಾಗಿ ತಪಾಸಣೆ ಮಾಡುವ ಹೆಂಗಸು. ಆಕೆಗೆ ಸೂಜಿಗಣ್ಣು ಎಂದು ಅಡ್ಡಹೆಸರು. ಮೊಸರಲ್ಲೂ ಕಲ್ಲು ಹುಡುಕುತ್ತಾಳೆ ಎಂದು ಜೊತೆಯವರು ಆಡಿಕೊಳ್ಳುತ್ತಿದ್ದರು. ಕಲ್ಲು ಸಿಕ್ಕಿದ ದಿನ ಮಾತ್ರ ಯಾರೂ ತುಟಿ ಬಿಚ್ಚುತ್ತಿರಲಿಲ್ಲ.

ಹತ್ತು ದಿನದ ಹಿಂದೆ ಮರ ಕೊಯ್ಯುವ ಮಿಲ್ಲಿನಲ್ಲಿ ಒಬ್ಬ ಕೆಲಸಗಾರ, ಸಿಕ್ಕಿಕೊಂಡ ತುಂಡನ್ನು ತೆಗೆಯಲು ಗರಗಸದ ಬಾಗಿಲು ತೆರೆದಿದ್ದ. ಆ ಗರಗಸವನ್ನು ನಡೆಸುತ್ತಿದ್ದುದು ಈ ಕಚೇರಿಯಲ್ಲಿ ಬರೆದ ಪ್ರೋಗ್ರಾಂ. ಬಾಗಿಲು ತೆರೆದರೆ ಚಕ್ರ ನಿಲ್ಲಬೇಕು. ನಿಲ್ಲಲಿಲ್ಲ. ಮೊದಲು ಕೈ ಹೋಯಿತು, ಆಮೇಲೆ ಆಳು. ಕುಡಿದು ಬಂದಿದ್ದ, ತಪ್ಪು ಅವನದೇ ಎಂದು ಮಿಲ್ ಮಾಲೀಕ ಹೇಳಿಕೆ ಕೊಟ್ಟ. ವಿಚಾರಣೆ ನಾಳೆ.

ಬಂದವನು ಗುಂಗುರುವಿನ ಕತ್ತು ಹಿಡಿದು ಮುಖವನ್ನು ಒಡೆದ ಗಾಜಿನ ಮೇಲೆ ಒತ್ತಿದ. ಮೇಜಿನ ಅಂಚಿನಿಂದ ರಕ್ತ ತೊಟ್ಟಿಕ್ಕಿತು.

"ನಾನು ಬೇಡ ಅಂತಾನೇ ಹೇಳಿದ್ದೆ! ಬರೆಯೋ ಅಂತ ಬಲವಂತ ಮಾಡಿದ್ರು!" ಗುಂಗುರು ಅರಚಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಸಲಾಕೆ ಮತ್ತೆ ಮೇಲೆದ್ದಿತು.

"ಬಿಡಿ ಅವನನ್ನ! ನಾನು ತೋರಿಸ್ತೀನಿ," ಎಂದು ಸೂಜಿಗಣ್ಣು ತನ್ನ ಮೇಜಿಗೆ ಓಡಿದಳು.

ಪರದೆಯಲ್ಲಿ ಒಂದು ಕಪ್ಪು ಕಿಟಕಿ ತೆರೆಯಿತು. ಚಿತ್ರವಿಲ್ಲ, ಗುಂಡಿಯಿಲ್ಲ. ಒಂದು ಆಜ್ಞೆ ಟೈಪ್ ಮಾಡಿದರೆ ಸಾಕು, ಪ್ರತಿ ಸಾಲನ್ನು ಬರೆದವರು ಯಾರು, ತಪಾಸಣೆ ಮಾಡಿದವರು ಯಾರು, ಯಾರ ಅಪ್ಪಣೆಯ ಮೇಲೆ ಅದು ಒಳಗೆ ಸೇರಿತು ಎಂದು ಆ ಸಾಧನ ಹೇಳಿಬಿಡುತ್ತದೆ. ಅದಕ್ಕೆ ಮುಖ ನೋಡಿ ಮಣೆ ಹಾಕುವುದು ಗೊತ್ತಿಲ್ಲ. ಕತ್ತಿನ ಹಿಂದೆ ಸಲಾಕೆ ಇದ್ದುದರಿಂದ ಅವಳ ಬೆರಳು ಎರಡು ಸಲ ತಪ್ಪಿದವು. ಮೂರನೆಯ ಸಲ ಉತ್ತರ ಬಂತು.

"ಬರೆದೋನು ಇವನೇ, ನಿಜ. ಇದು ಪ್ರಾಣ ತೆಗೆಯತ್ತೆ ಅಂತ ನಾನು ತಿರಸ್ಕರಿಸಿದ್ದೆ. ಚಕ್ರ ನಿಂತ್ರೆ ಕೆಲಸ ತಡವಾಗತ್ತೆ, ಹೊಣೆ ನಂದು ಅಂತ ತನ್ನ ಪಾಸ್‌ವರ್ಡ್ ಹಾಕಿ ಸೇರಿಸಿದೋನು ಮಿಲ್ ಮಾಲೀಕ. ನೋಡಿ, ಹೆಸರು, ದಿನ, ಗಂಟೆ."

ಅವನು ಬಗ್ಗಿ ನೋಡಿದ. ಉಸಿರು ಬಿಸಿಯಾಗಿತ್ತು. "ಇದನ್ನ ಅಳಿಸಿಬಿಡ್ತೀರಿ. ದುಡ್ಡಿದ್ದೋರು ಏನು ಬೇಕಾದ್ರೂ ಅಳಿಸ್ತಾರೆ."

"ಆಗಲ್ಲ ಅಣ್ಣಾ. ಇದೊಂದರಲ್ಲಿ ಅಳಿಸಿದ್ರೆ ಉಳಿದ ನಾಲ್ಕರಲ್ಲಿ ಇರತ್ತೆ. ಪ್ರತಿ ಮೇಜಿನಡಿಯ ಪೆಟ್ಟಿಗೇಲೂ ಇಡೀ ಚರಿತ್ರೆಯ ಒಂದೊಂದು ಪ್ರತಿ ಇದೆ. ಇದ್ಯಾವುದೂ ಈ ಕೋಣೆ ದಾಟಬಾರದು ಅಂತ ಮಿಲ್ಲಿನವರು ಷರತ್ತು ಹಾಕಿದಾರೆ, ಅಷ್ಟೇ." ಸಮಾಧಾನವಾಗಲಿ ಎಂದೇ ಅವಳು ಇಷ್ಟೆಲ್ಲ ಹೇಳಿದಳು.

"ಹಾಗಾದ್ರೆ ಐದು ಜನಕ್ಕೂ ಗೊತ್ತಿತ್ತು! ಹತ್ತು ದಿನ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಿ!"

ಈ ಸಲ ಅವನು ಪರದೆಗಳನ್ನು ಬಿಟ್ಟು ಮೇಜಿನಡಿಯ ಪೆಟ್ಟಿಗೆಗಳತ್ತ ತಿರುಗಿದ. ತಗಡು ಒಳಗೆ ಕುಸಿಯಿತು. ಅವನು ಒಂದೇಟಿಗೆ ಬಿಡಲಿಲ್ಲ. ಒಳಗಿದ್ದುದೆಲ್ಲ ಚೂರಾಗುವವರೆಗೂ ಜಜ್ಜಿದ. ತಡೆಯಲು ತೆವಳಿ ಬಂದ ಗುಂಗುರುವಿನ ಪಕ್ಕೆಗೆ ಬೂಟಿನ ಒದೆ ಬಿತ್ತು. ಏನೋ ಮುರಿದ ಸದ್ದು ಕೇಳಿಸಿತು. ಅಡ್ಡ ಬಂದ ಸೂಜಿಗಣ್ಣಿನ ಹುಬ್ಬನ್ನು ಸಲಾಕೆಯ ತುದಿ ಸೀಳಿತು. ಕೋಪಕ್ಕೆ ಕಣ್ಣಿಲ್ಲ ಎನ್ನುತ್ತಾರೆ. ಈ ಕೋಪ ಐದರಲ್ಲಿ ಒಂದು ಪೆಟ್ಟಿಗೆಯನ್ನೂ ತಪ್ಪಿಸಲಿಲ್ಲ.

ಆಮೇಲೆ ಅವನು ಕುಸಿದು ಕೂತು ಹಣೆ ಚಚ್ಚಿಕೊಂಡ.

"ಹೆಗಲ ಮೇಲೆ ಹೊತ್ತು ಬೆಳೆಸಿದ್ದೆನಲ್ಲಾ ಅವನನ್ನ! ಈಗ ಅವನ ಸಾಕ್ಷೀನ ನನ್ನ ಕೈಯಾರೆ ಪುಡಿ ಮಾಡಿಬಿಟ್ನಲ್ಲಾ! ಇನ್ನೆಲ್ಲೂ ಇಲ್ವಾ ಅದು?"

ಸೂಜಿಗಣ್ಣಿಗೆ ದುಃಖ ಉಕ್ಕಿ ಬಂತು. ಹತ್ತು ದಿನದಿಂದ ಅವಳಿಗೆ ನಿದ್ದೆಯಿರಲಿಲ್ಲ. ಬೇಡ ಎಂದು ಬರೆದು ಸುಮ್ಮನಾದೆ, ಬೀದಿಗಿಳಿದು ಕೂಗಬೇಕಿತ್ತು ಎಂಬ ಸಂಕಟ ಅವಳನ್ನು ತಿನ್ನುತ್ತಿತ್ತು. ಕಣ್ಣಿಗಿಳಿದ ರಕ್ತ ಒರೆಸಿಕೊಂಡು, ಕೈಚೀಲದಿಂದ ಬೆರಳುದ್ದದ ಪೆನ್‌ಡ್ರೈವ್ ತೆಗೆದಳು.

"ನಾಳೆಗೆ ಅಂತ ಷರತ್ತು ಮುರಿದು ಮಾಡಿಟ್ಟ ಪ್ರತಿ ಇದು. ಇನ್ನು ಇರೋದು ಇದೊಂದೇ. ಮಿಲ್ಲಿನಿಂದ ನಂಗೆ ಎರಡು ಸಲ ಬೆದರಿಕೆ ಬಂದಿದೆ, ದಾರಿಯಲ್ಲಿ ಕಿತ್ಕೊಂಡಾರು. ನೀವೇ ಇಟ್ಕೊಳ್ಳಿ ಅಣ್ಣಾ. ನಿಮ್ಮ ಕೈಯಿಂದ ಕಿತ್ಕೊಳ್ಳೋ ಧೈರ್ಯ ಯಾರಿಗಿದೆ?"

"ಯಾರಿಗೂ ಇಲ್ಲ ತಾಯಿ," ಎಂದ. ಅದನ್ನು ಒಳಜೇಬಿಗಿಳಿಸಿ, ಸಲಾಕೆ ಎತ್ತಿಕೊಂಡು, ಮೂಗು ಒರೆಸುತ್ತ ಮೆಟ್ಟಿಲಿಳಿದು ಹೋದ.

ಅವಳು ಆಂಬುಲೆನ್ಸಿಗೆ ಫೋನ್ ಮಾಡಿ ಗುಂಗುರುವಿನ ಕೈಗೆ ಬಟ್ಟೆ ಸುತ್ತಿದಳು.

"ಪೊಲೀಸರಿಗೆ ಹೇಳಲ್ವಾ ಅಕ್ಕಾ?" ಅವನು ನರಳಿದ.

"ಬೇಡ ಕಣೋ. ಹೊಟ್ಟೆ ಉರಿದೋನು, ಪಾಪ. ನಿನ್ನ ಮೂಳೆ ಕೂಡತ್ತೆ. ಅವನ ತಮ್ಮ ವಾಪಸ್ ಬರ್ತಾನಾ?"

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಬಂದದ್ದು ಆಂಬುಲೆನ್ಸಿನವರಲ್ಲ. ಒಬ್ಬ ಮುದುಕಿ, ಕೈಯಲ್ಲಿ ವಕೀಲರ ಚೀಟಿ. ನೆಲದ ರಕ್ತ ಕಂಡು ಬಾಗಿಲಲ್ಲೇ ನಿಂತಳು.

"ಗರಗಸಕ್ಕೆ ಸಿಕ್ಕಿ ಸತ್ತನಲ್ಲ, ಅವನ ತಾಯಿ ನಾನು. ಸಾಕ್ಷಿ ನಿಮ್ಮ ಹತ್ರ ಇದೆಯಂತೆ, ಇಸ್ಕೊಂಡು ಬಾ ಅಂದ್ರು ವಕೀಲರು."

"ಹೆದರಬೇಡಿ ಅಮ್ಮಾ, ಅದು ಭದ್ರವಾಗಿದೆ. ಈಗ ತಾನೇ ನಿಮ್ಮ ದೊಡ್ಡ ಮಗನ ಕೈಗೇ ಕೊಟ್ಟೆ."

ಮುದುಕಿ ಅವಳನ್ನೇ ನೋಡಿದಳು. "ದೊಡ್ಡ ಮಗನಾ? ನಾನು ಹೆತ್ತದ್ದು ಅವನೊಬ್ಬನನ್ನೇ ಕಣಮ್ಮಾ."