ಮುಂದಿನ ಚಕ್ರಕ್ಕೆ ದಪ್ಪ ಟೈರ್

ಬೆಳಿಗ್ಗೆ ಹತ್ತು ಇಪ್ಪತ್ತು. ಮಲವಗೊಪ್ಪದ ಮಣ್ಣಿನ ಟ್ರ್ಯಾಕ್‌ನಲ್ಲಿ ಬಿಎಂಎಕ್ಸ್ ಸೈಕಲ್ ರೇಸಿನ ಫೈನಲ್‌ಗೆ ಇಪ್ಪತ್ತೈದು ನಿಮಿಷ ಇರುವಾಗ ಹದಿನೇಳು ವರ್ಷದ ಶರಾವತಿ ತನ್ನ ಸೈಕಲ್ಲಿನ ಎರಡೂ ಚಕ್ರಗಳನ್ನು ಬಿಚ್ಚಿದಳು. ಬೆಳಗಿನ ಮೊದಲ ಸುತ್ತಿನ ತಿರುವಿನಲ್ಲಿ ಮುಂದಿನ ಚಕ್ರ ಜಾರಿ ಬಿದ್ದಿದ್ದಳು. ಉಳಿದೆರಡು ಸುತ್ತುಗಳ ಅಂಕದಿಂದ ಎಂಟನೆಯವಳಾಗಿ ಫೈನಲ್‌ಗೆ ಬಂದಿದ್ದಳು. ರಾಜ್ಯ ತಂಡದಲ್ಲಿ ಜಾಗವಿದ್ದದ್ದು ಮೊದಲ ಮೂವರಿಗೆ ಮಾತ್ರ.

"ಏನೇ ಮಾರಾಯ್ತಿ, ತಲೆ ಕೆಟ್ಟಿದೆಯಾ?" ಭದ್ರಾವತಿಯಲ್ಲಿ ಟ್ರ್ಯಾಕ್ಟರ್ ಗ್ಯಾರೇಜ್ ನಡೆಸುವ ಚಿಕ್ಕಪ್ಪ ಹೊನ್ನಯ್ಯ ಓಡಿ ಬಂದರು. ಹಿಂದೆ 1.95 ಇಂಚು, ಮುಂದೆ 1.6 ಇಂಚು ಅಗಲದ ಟೈರ್ ಹಾಕಿಕೊಟ್ಟವರು ಅವರೇ. "ಎಳೆಯೋ ಚಕ್ರ ದಪ್ಪ ಇರ್ಬೇಕು. ಯಾವ ಟ್ರ್ಯಾಕ್ಟರ್‌ಗಾದ್ರೂ ಮುಂದೆ ದೊಡ್ಡ ಟೈರ್ ನೋಡಿದೀಯಾ?"

"ನಾನು ಗದ್ದೆ ಉಳೋಕೆ ಬಂದಿಲ್ಲ ಚಿಕ್ಕಪ್ಪ. ತಿರುವಲ್ಲಿ ಮಣ್ಣು ಹಿಡಿಯೋದು ಮುಂದಿನ ಚಕ್ರ. ಹಿಂದಿನದು ಹಗುರಾಗಿ ಉರುಳಿದ್ರೆ ಸಾಕು."

"ಮೂವತ್ತು ವರ್ಷದಿಂದ ಟೈರ್ ಹಾಕ್ತಿದೀನಿ ಕಣೇ. ನನ್ನ ಮಾತು ಕೇಳು."

"ಕೇಳಿದ್ದಕ್ಕೇ ಬೆಳಿಗ್ಗೆ ಬಿದ್ದಿದ್ದು."

ಸುತ್ತ ನಿಂತಿದ್ದವರು ನಕ್ಕರು. ಹೊನ್ನಯ್ಯ ಸ್ಪ್ಯಾನರ್‌ಗೆ ಕೈ ಚಾಚಿದರು. ಶರಾವತಿ ಕೊಡಲಿಲ್ಲ. ಅಗಲವಾದ ಟೈರನ್ನು ಮುಂದಿನ ರಿಮ್‌ಗೆ ಹೆಬ್ಬೆರಳಿನಿಂದಲೇ ಒತ್ತಿ ಕೂರಿಸಿದಳು, ಸಣ್ಣದನ್ನು ಹಿಂದಕ್ಕೆ ಹಾಕಿದಳು, ಗಾಳಿ ತುಂಬಿ ಕೊನೆಯ ನಟ್ಟನ್ನೂ ತಾನೇ ಬಿಗಿದಳು.

ಹತ್ತು ನಲವತ್ತೈದಕ್ಕೆ ಸವಾರರನ್ನು ತಡೆದು ನಿಲ್ಲಿಸಿದ್ದ ಗೇಟ್ ಬಿತ್ತು, ಫೈನಲ್ ಶುರುವಾಯಿತು. ಆರನೆಯವಳಾಗಿ ಮೊದಲ ತಿರುವಿಗೆ ಬಂದ ಶರಾವತಿ ಬ್ರೇಕ್ ಮುಟ್ಟಲಿಲ್ಲ; ಎರಡನೆಯವಳಾಗಿ ಹೊರಬಂದಳು.