ಎರಡನೆಯ ಹೆಸರು

ವೆಹ್ಬಿ ಬೇ ಹೆಬ್ಬೆರಳನ್ನು ನಾಲಗೆಗೆ ಒತ್ತಿ ಒದ್ದೆ ಮಾಡಿಕೊಂಡು, ಅದೇ ಬೆರಳಿನಿಂದ ಕಡಲ ನಕ್ಷೆಯ ಹಾಳೆ ತಿರುವಿದ. ಸೂನಾ ಮುಖ ತಿರುಗಿಸಿದಳು. ಆ ನಕ್ಷೆ ಅವಳ ತಂದೆಯದು.

ವಾರದಲ್ಲಿ ಇದು ಅವನ ಮೂರನೆಯ ಭೇಟಿ. ಅಕ್ಟೋಬರಿನಲ್ಲಿ ಏಳು ದಿನಕ್ಕೆ ಹಾಯಿದೋಣಿ ಬಾಡಿಗೆಗೆ ಬೇಕೆಂದು ಒಳನಾಡಿನ ಡೆನಿಜ್ಲಿಯಿಂದ ತುರ್ಕಿಯ ಈ ಕಡಲೂರು ಬೋಜ್‌ಬುರುನ್‌ಗೆ ಬಂದು ತಂಗಿದ್ದ. ಔಷಧದಂಗಡಿ ಮಾರಿ ನಿವೃತ್ತನಾದವನು. ಬೇರೆಯವರಾದರೆ ಅರ್ಧ ಗಂಟೆಯಲ್ಲಿ ದಾರಿ ಗೊತ್ತುಮಾಡಿಕೊಂಡು ಏಳುತ್ತಿದ್ದರು. ಇವನು ಒಂದೊಂದು ಕೊಲ್ಲಿಯನ್ನೂ ಬೆರಳಿನಿಂದ ಸವರುತ್ತ ಕುಳಿತುಬಿಡುತ್ತಿದ್ದ. ಕುತ್ತಿಗೆಗೆ ಸುರಿದುಕೊಂಡ ನಿಂಬೆಯ ಕಲೋನು ಬೆವರಿನೊಡನೆ ಬೆರೆತು ಸೂನಾಳ ಮನೆಯ ಜಗಲಿಯ ಗಾಳಿಯನ್ನೇ ಹುಳಿಯಾಗಿಸಿತ್ತು. ಚೀಪಿದ ಆಲಿವ್ ಬೀಜಗಳನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಳಿಸುತ್ತಿದ್ದ. ಮೀಸೆಯ ತುದಿ ಸದಾ ಒದ್ದೆ.

ಅದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಅವನ ಪ್ರಶ್ನೆಗಳು.

ಮೊದಲ ದಿನವೇ ಕೇಳಿದ್ದ: “ನಿನಗೆಷ್ಟು ವಯಸ್ಸು ಮಗಳೇ?”

“ಮೂವತ್ತೊಂದು.”

ಬೆರಳು ಮಡಿಚಿ ಎಣಿಸಿದ್ದ. “ಇಪ್ಪತ್ತೇಳು ವರ್ಷ,” ಎಂದು ತನ್ನಷ್ಟಕ್ಕೆ ಗೊಣಗಿದ್ದ. ಅವನ ಗುರುತಿನ ಚೀಟಿ ಸೂನಾಳ ಮುಂದೆಯೇ ಇತ್ತು, ಐವತ್ತೆಂಟು. ಕಳೆಯುವ ಲೆಕ್ಕ ಅವಳಿಗೂ ಬರುತ್ತಿತ್ತು.

ಎರಡನೆಯ ಸಲ ಬಂದಾಗ, ತಾಯಿ ಮಕ್ಬುಲೆ ಒಳಗೆ ಹೋದದ್ದನ್ನು ನೋಡಿಕೊಂಡು ದನಿ ತಗ್ಗಿಸಿದ್ದ. “ತಾಯೀನ ಬಿಟ್ಟು ಇರಬಲ್ಲೆಯಾ ಮಗಳೇ, ಒಂದು ಚಳಿಗಾಲ?”

“ಒಂದು ದಿನಾನೂ ಇಲ್ಲ.”

ಅವನು ನಿಟ್ಟುಸಿರಿಟ್ಟು ಕಡಲನ್ನು ನೋಡಿದ್ದ. ಬೇಸಿಗೆಯ ಗದ್ದಲ ಕಳಚಿಕೊಂಡ ಕಡಲು, ಯಾರೋ ಓದಿ ಮಡಚಿಟ್ಟ ಪತ್ರದಂತೆ ಸುಮ್ಮನಿತ್ತು.

ಸೂನಾಳಿಗೆ ನಾಲ್ಕು ತುಂಬಿದ ವರ್ಷ ತಂದೆ ತೀರಿಕೊಂಡಿದ್ದ. ಅವನು ಬಿಟ್ಟುಹೋದ ಮರದ ದೋಣಿಯೊಂದರಿಂದಲೇ ಮಕ್ಬುಲೆ ಮಗಳನ್ನು ಬೆಳೆಸಿದಳು. ಈಗ ಅದರ ಚುಕ್ಕಾಣಿ ಮಗಳ ಕೈಯಲ್ಲಿತ್ತು. ಯಾರಿಗೋ ಹೆಂಡತಿಯಾಗಿ ಅದನ್ನು ಬಿಡುವುದೆಂದರೆ ಸೂನಾಳಿಗೆ ಪ್ರಾಣ ಬಿಟ್ಟಂತೆಯೇ. ಆದರೆ ಈ ಬೇಸಿಗೆಯಿಂದ ತಾಯಿಯ ಬಾಯಲ್ಲಿ ಹೊಸದೊಂದು ಮಾತು ಸೇರಿಕೊಂಡಿತ್ತು: “ಮನೇಲಿ ಒಂದು ಗಂಡುದನಿ ಇರ್ಬೇಕು ಕಣೇ.”

ಈ ದಿನ ಅವನು ಇಸ್ತ್ರಿ ಮಾಡಿದ ಕೋಟು ತೊಟ್ಟು ಬಂದಿದ್ದ. ಕೈಯಲ್ಲಿ ಚಾಕೊಲೇಟಿನ ಪೆಟ್ಟಿಗೆ, ಒಂದು ಕಟ್ಟು ಹೂವು. ದೋಣಿ ಗೊತ್ತುಮಾಡಲು ಯಾರೂ ಹೂವು ತರುವುದಿಲ್ಲ.

“ವೆಹ್ಬಿ ಬೇ, ನೀವು ದೋಣಿ ಹಿಡಿಯೋಕೆ ಬಂದ್ರೋ, ಕಡಲನ್ನೇ ಕೊಂಡ್ಕೊಳ್ಳೋಕೆ ಬಂದ್ರೋ?” ಎಂದು ಮಕ್ಬುಲೆ ಚುಚ್ಚಿದಳು.

“ಅವಸರ ಮಾಡಿದೋನಿಗೆ ಕಡಲು ಒಲಿಯೋದಿಲ್ಲ ಹಾನುಮ್,” ಎಂದು ತಾಯಿಗೆ ಗೌರವದಿಂದ ಉತ್ತರಿಸಿದವನು ಸೂನಾಳತ್ತ ಕಳ್ಳನೋಟ ಬೀರಿದ.

ಸೂನಾ ಕಾಗದ ಮುಂದಕ್ಕೆಳೆದುಕೊಂಡಳು. “ಬಂದರು ಕಚೇರಿಗೆ ಪ್ರಯಾಣಿಕರ ಪಟ್ಟಿ ಕೊಡ್ಬೇಕು. ಇಬ್ಬರು ಮಲಗೋ ಕೋಣೆ ಬೇಕು ಅಂದ್ರಿ. ಮೊದಲನೇ ಹೆಸರು ನಿಮ್ಮದು. ಎರಡನೇದು?”

“ಖಾಲಿ ಬಿಡು ಮಗಳೇ. ಇನ್ನೂ ಕೇಳ್ಬೇಕು.”

“ಕೇಳೋ ಮುಂಚೆ ಒಂದು ತಿಳ್ಕೊಳ್ಳಿ. ನಾನು ಚುಕ್ಕಾಣಿ ಹಿಡಿಯೋಳು. ನನ್ನ ಹೆಸರು ಪ್ರಯಾಣಿಕರ ಪಟ್ಟಿಗೆ ಬರೋದಿಲ್ಲ.”

“ಗೊತ್ತು. ಇಲ್ಲಿ ಚುಕ್ಕಾಣಿ ನಿನ್ನದೇ.” ಅವನು ತುಟಿ ಸವರಿಕೊಂಡ. “ಅದಕ್ಕೇ ನಿನ್ನ ಮುಂದೆ ಬಾಯಿ ಒಣಗೋದು.”

ಮಗಳೇ ಎನ್ನುವ ಬಾಯಿಯಿಂದ ಇಂಥ ಮಾತು. ಮೈಮೇಲೆ ಬಸವನಹುಳು ಹರಿದಂತಾಯಿತು. ತಾಯಿ ಗದರುವಳೆಂದು ನೋಡಿದರೆ, ಅವಳು ಏಳುತ್ತಿದ್ದಳು. “ಇವತ್ತು ಕಾಫಿ ನಾನು ಮಾಡ್ತೀನಿ.”

ವರ್ಷಗಳಿಂದ ಅತಿಥಿಗಳ ಕಾಫಿ ಸೂನಾಳ ಕೆಲಸ. ಅವಳು ತಾಯಿಯ ಹೆಗಲು ಒತ್ತಿ ಕೂರಿಸಿದಳು. “ನೀನು ಕೂತ್ಕೋ. ಇವರಿಗೆ ಎಂಥಾ ಕಾಫಿ ಬೇಕು ಅಂತ ನನಗೆ ಗೊತ್ತು.”

ಒಳಗೆ ತಾಮ್ರದ ಪಾತ್ರೆಯಲ್ಲಿ ನೊರೆ ಏರಿತು. ಅವನ ಬಟ್ಟಲಿಗೆ ಮೂರು ಚಮಚ ಉಪ್ಪು ಸುರಿದು ಕಲಕಿದಳು. ಕಾರಿಕೊಂಡು ಓಡಲಿ. ಈ ಜಗಲಿಯ ನೆನಪಾದಾಗಲೆಲ್ಲ ಅವನಿಗೆ ಓಕರಿಕೆ ಬರಲಿ.

ಅವನು ಮೊದಲ ಗುಟುಕು ಹೀರಿದ. ಬಟ್ಟಲನ್ನು ತುಟಿಯಿಂದ ಇಳಿಸಿದ. ತಟ್ಟೆ ಹಿಡಿದು ನಿಂತಿದ್ದ ಸೂನಾಳನ್ನು ಬೆರಗಿನಿಂದ ನೋಡಿದ. ಮತ್ತೆ ಬಟ್ಟಲೆತ್ತಿ, ಒಂದೇ ಒಂದು ಗೆರೆ ಮುಖದಲ್ಲಿ ಮೂಡದಂತೆ, ತಳದ ಗಸಿಯವರೆಗೂ ಕುಡಿದುಬಿಟ್ಟ. ಕಣ್ಣು ತುಂಬಿ ಬಂದಿತ್ತು.

“ಉಪ್ಪು ಹಾಕಿದ್ಯಾ?” ತಾಯಿಯ ದನಿ ಪಿಸುಗುಟ್ಟಿತು.

ಆಗ ಸೂನಾಳಿಗೆ ತಾನು ಮಾಡಿದ್ದೇನೆಂದು ಹೊಳೆಯಿತು. ಕರಾವಳಿಯ ಕೂಸಿಗೂ ಗೊತ್ತಿರುವ ಸಂಗತಿ: ಉಪ್ಪಿನ ಕಾಫಿ ಮಾಡಿ ಹೆಣ್ಣು ಕೊಡುವುದು ತನ್ನನ್ನು ಕೇಳಲು ಬಂದ ಗಂಡಿಗೆ ಮಾತ್ರ, ಮುಖ ಕಿವಿಚದೆ ಕುಡಿದವನು ಗೆದ್ದ. ಅಸಹ್ಯದ ಆವೇಗದಲ್ಲಿ ಶಾಸ್ತ್ರವನ್ನು ತಾನೇ ಕೈಯಾರೆ ನಡೆಸಿಕೊಟ್ಟಿದ್ದಳು.

ವೆಹ್ಬಿ ಬೇ ಎದ್ದು ಕೋಟಿನ ಗುಂಡಿ ಹಾಕಿಕೊಂಡ. “ನನ್ನ ಕಡೆ ಹಿರಿಯರು ಯಾರೂ ಉಳಿದಿಲ್ಲ. ನಾನೇ ಕೇಳ್ಬೇಕು. ದೇವರ ಅಪ್ಪಣೆ, ಪ್ರವಾದಿಗಳ ಮಾತಿನಂತೆ…” ಹೆಣ್ಣು ಕೇಳುವವರು ಹೇಳುವ ಮಾತು ಅದು.

“ಅಮ್ಮಾ, ಇಲ್ಲ ಅನ್ನು,” ಎಂದಳು ಸೂನಾ.

ಮಕ್ಬುಲೆ ತಲೆ ತಗ್ಗಿಸಿದಳು. ವೆಹ್ಬಿ ಬೇ ಅವಳ ಕಡೆ ತಿರುಗಲೂ ಇಲ್ಲ. ಎರಡೂ ಕೈಗಳನ್ನು ಮುಂದೆ ಜೋಡಿಸಿಕೊಂಡು, ಸೂನಾಳೆದುರು ಬಂದು ನಿಂತ.

“ಸೂನಾ ಹಾನುಮ್, ಈ ಮನೇಲಿ ಕೇಳ್ಬೇಕಾದೋರು ಅಂತ ಇರೋದು ನೀವೊಬ್ಬರೇ. ನಿಮ್ಮ ತಾಯೀನ ನನಗೆ ಕೊಡ್ತೀರಾ?”